ಮೊದಲ ಒಂಬತ್ತು

ಗೋದಾಮು ಮೂರರ ಗೋಡೆಯಲ್ಲಿರುವ ಈ ಕಂದು ಫೋನಿಗೆ
ನನಗಿಂತ ಒಂದೇ ವರ್ಷ ಕಡಿಮೆ ಸರ್ವೀಸು, ಶಾರ್ಜಾದಲ್ಲಿ.
ರಿಸೀವರಿನ ಬಾಯಿಗೆ ಸಿಮೆಂಟಿನ ಧೂಳು,
ಹಿಡಿಗೆ ಹತ್ತು ದೇಶದ ಬೆವರು.
ಮೇಲೊಂದು ಇಂಗ್ಲಿಷು ಚೀಟಿ, ನನ್ನದೇ ಕೈಬರಹ:
ಹೊರಗಿನ ಲೈನಿಗೆ ಮೊದಲು ಒಂಬತ್ತು ಒತ್ತಿ.

ಆ ಒಂಬತ್ತು ನಾನೇ ಇಟ್ಟ ಬಾಗಿಲು.
ಫೋನ್ ಬಿಲ್ಲನ್ನು ಮೇಜಿಗೆ ಬಡಿದು ವಾಸ್ವಾನಿ ಸಾಹೇಬರು ಅಂದಿದ್ದರು,
'ಇದಿನಬ್ಬ, ರಾತ್ರಿಯಿಡೀ ಊರಿಗೆ ಮಾತಾಡುತ್ತಾರೆ ಇವರು, ಬೀಗ ಹಾಕು.'
ಹಾಕಿದೆ.
ಸಂಜೆ ಚಾ ತರಿಸಿದರು. ಕೆಲಸ ಅಚ್ಚುಕಟ್ಟು ಅಂದರು.

ಈಗ ಕಾಗದ ಬಂದಿದೆ. ಹೊಸ ನಿಯಮ, ಗುರುವಾರ ಕೊನೆಯ ದಿನ.
ಯಾವ ಫೋನಿನಿಂದಲೂ, ಮುಂದೆ ಯಾವ ಅಂಕೆಯನ್ನೂ ಸೇರಿಸದೆ,
ತುರ್ತು ಕರೆ ನೇರ ಹೋಗಬೇಕು;
ಕರೆದವನು ಎಲ್ಲಿದ್ದಾನೆ ಎಂಬುದೂ ಜೊತೆಗೇ ಹೋಗಬೇಕು.
ಸಾಹೇಬರಿಗೆ ಬೇಕಾದದ್ದು ಸರ್ಟಿಫಿಕೇಟು, ಅದಕ್ಕೊಂದು ಫ್ರೇಮು.

ಹಳೆ ಪೆಟ್ಟಿಗೆ ಬಿಚ್ಚಿ ಲಾಗು ತೆಗೆದೆ.
ಯಾರೂ ಓದದ ಸಾಲುಗಳು. ಓದುತ್ತ ಹೋದರೆ ಕಳೆದ ಆಗಸ್ಟು,
ರಾತ್ರಿ ಎರಡು ನಲವತ್ತೊಂದು, ಎಕ್ಸ್‌ಟೆನ್ಶನ್ ಮುನ್ನೂರ ಹದಿನೇಳು:
ಒಂಬತ್ತು ಒಂಬತ್ತು ಒಂಬತ್ತು.
ಪೆಟ್ಟಿಗೆ ನಾನು ಕಲಿಸಿದ್ದನ್ನೇ ಮಾಡಿತು.
ಮೊದಲ ಒಂಬತ್ತನ್ನು ಬಾಗಿಲೆಂದು ನುಂಗಿ
ಉಳಿದೆರಡನ್ನು ಹಿಡಿದು ಕೂತಿತು, ಇನ್ನೇನೋ ಬರಲಿದೆ ಎಂದು.
ಸಂಖ್ಯೆ ಅಪೂರ್ಣ.
ಎರಡು ನಲವತ್ತೆರಡು, ಮತ್ತೆ. ಅಪೂರ್ಣ.
ಅದೇ ನಿಮಿಷ, ಇನ್ನೊಮ್ಮೆ.
ಆಮೇಲೆ ರಿಸೀವರು ಬೆಳಗಿನ ತನಕ ಕೆಳಗೆ ತೂಗುತ್ತಲೇ ಇತ್ತು.

ಟೇಕನಾಥನನ್ನು ಕೇಳಿದೆ, ಆ ರಾತ್ರಿ ಕಾವಲಿದ್ದವನು.
'ಚೀಟಿ ಓದಲು ನನಗೆಲ್ಲಿ ಬರುತ್ತದೆ ಭಾಯಿ?
ಮೂರು ಒಂಬತ್ತು ಅಂತ ಎಲ್ಲರೂ ಹೇಳಿದ್ದರು,
ನಾಲ್ಕು ಅಂತ ಯಾರೂ ಹೇಳಿರಲಿಲ್ಲ.'
ಉರುಳಿದ ಪ್ಯಾಲೆಟ್ಟಿನಡಿ ಸುಖಾರಿ ಮಾಂಝಿ. ಇವನು ಬರಿಗಾಲಲ್ಲಿ ಹೈವೇಗೆ ಓಡಿ
ಟ್ರೇಲರೊಂದರ ಮುಂದೆ ಶರ್ಟು ಬಿಚ್ಚಿ ಬೀಸಿದ್ದ.
ಸುಖಾರಿ ಬದುಕಿದ. ಎಡಗಾಲು ಉಳಿಯಲಿಲ್ಲ.
ವರದಿಯಲ್ಲಿ 'ವಿಳಂಬ' ಎಂಬ ಒಂದೇ ಪದ, ಅದರ ಮುಂದೆ ಯಾರ ಹೆಸರೂ ಇಲ್ಲ.

ಮೂರು ದಿನ ನೋಟ್‌ಬುಕ್ಕು ಹಿಡಿದು ನಡೆದೆ.
ಪೆಟ್ಟಿಗೆಯ ಲೆಕ್ಕದಲ್ಲಿ ಇನ್ನೂರ ಆರು ಫೋನುಗಳೂ
ರೋಲಾದ ಹೆಡ್ಡಾಫೀಸಿನ ಒಂದೇ ಗಾಜಿನ ಮಹಡಿಯಲ್ಲಿ ತಣ್ಣಗೆ ಕೂತಿದ್ದವು.
ಒಂದೊಂದನ್ನೂ ಎಬ್ಬಿಸಿ ಅದರದರ ಜಾಗಕ್ಕೆ ಕಳಿಸಿದೆ:
ಕೋಲ್ಡ್ ಸ್ಟೋರೇಜಿನ ಹಿಂಬಾಗಿಲು, ಮೆಸ್ಸಿನ ಬೇಸಿನ್ ಪಕ್ಕ,
ಕ್ಯಾಂಪು ಎರಡು, ಮೇಲಿನ ಮಹಡಿ, ಮೆಟ್ಟಿಲ ತಿರುವು, ಬಲ್ಬಿಲ್ಲ.
'ಬಲ್ಬಿಲ್ಲ' ಅಳಿಸು ಅಂದರು ಸಾಹೇಬರು.
ಬಲ್ಬು ಹಾಕಿಸಿ ಅಳಿಸಿದೆ.

ಬುಧವಾರ, ಮೊದಲೇ ಅನುಮತಿ ಪಡೆದು, ಪರೀಕ್ಷೆಯ ಕರೆ.
ಮುನ್ನೂರ ಹದಿನೇಳರ ಮುಂದೆ ನಿಂತು ಮೂರೇ ಮೂರು ಒಂಬತ್ತು.
ರಿಂಗು ಪೂರ್ತಿಯಾಗುವ ಮೊದಲೇ ಹೆಣ್ಣು ದನಿ, ಅರಬ್ಬಿ, ಆಮೇಲೆ ಇಂಗ್ಲಿಷು.
ಇದು ಪರೀಕ್ಷೆ ಅಂದೆ. ಆಗಲಿ ಎಂದು ಓದಿ ಒಪ್ಪಿಸಿದಳು:
ಸಜಾ, ಗೋದಾಮು ಮೂರು, ಪೂರ್ವದ ಗೋಡೆ, ನೀರಿನ ಕೂಲರಿನ ಎಡಕ್ಕೆ.
'ಸರಿಯೇ? ಅಲ್ಲೇ ಇದ್ದೀರಾ ನೀವು?'
ಇಪ್ಪತ್ತಮೂರು ವರ್ಷದಲ್ಲಿ ಹಾಗೆ ಯಾರೂ ಕೇಳಿರಲಿಲ್ಲ.
ಹೌದು ಎನ್ನಲು ಹೊತ್ತು ಹಿಡಿಯಿತು.
ಆಕೆ ಕಾದಳು. ಕಾದು ಅಭ್ಯಾಸವಿರಬೇಕು ಅವರಿಗೆ.

ಬ್ಲೇಡಿನಿಂದ ಹಳೆ ಚೀಟಿ ಕೆರೆದೆ.
ಅಕ್ಷರ ಹೋಯಿತು, ಅಂಟು ಹೋಗಲಿಲ್ಲ.
ಸೀಮೆಎಣ್ಣೆ ಹಚ್ಚಿ ಉಜ್ಜು ಅಂದ ಟೇಕನಾಥ.
ಇರಲಿ ಬಿಡು ಅಂದೆ.
ಹೊರಗೆ ಗಾಳಿ ಎದ್ದಿತ್ತು. ಮರಳಿನ ಪುಡಿ ಆಗಲೇ ಅಲ್ಲಿ
ಯಾವ ಅಂಕೆಯ ಆಕಾರವೂ ಇಲ್ಲದೆ,
ಸುಮ್ಮನೆ ಒಂದು ಚೌಕವಾಗಿ
ಕೂರತೊಡಗಿತ್ತು.