ವಾಚಕಪದ

ಒಂಬತ್ತನೆಯ ಬಿ, ಕನ್ನಡ, ಇಪ್ಪತ್ತೊಂದು ಉತ್ತರಪತ್ರಿಕೆ.
ಕುಂಬಳೆ ಸ್ಟೇಷನ್ನಿನ ಬೆಂಚಿನಲ್ಲಿ
ಮಂಗಳೂರು ಪ್ಯಾಸೆಂಜರಿಗೆ ಕಾಯುತ್ತ ತಿದ್ದುತ್ತೇನೆ.
ಹಳಿಯಾಚೆ ಕಡಲು. ಗಾಳಿಗೆ ಹಾಳೆ ಹಾರದಂತೆ
ಮೇಲೆ ಊಟದ ಡಬ್ಬಿ.

ಪ್ರಶ್ನೆ ಏಳು: ಉಪಮಾಲಂಕಾರಕ್ಕೆ ಸ್ವಂತ ಉದಾಹರಣೆ ಕೊಟ್ಟು
ಲಕ್ಷಣ ಸಮನ್ವಯ ಮಾಡಿರಿ. ನಾಲ್ಕು ಅಂಕ.

ಹದಿನೇಳು ಮಂದಿ ತಾವರೆ ಬರೆದಿದ್ದಾರೆ.
ಬೋರ್ಡಿನ ಮೇಲೆ ತಾವರೆ ಬರೆದವಳು ನಾನೇ;
ನಾನೂ ಕಂಡದ್ದು ಕ್ಯಾಲೆಂಡರಿನಲ್ಲಿ, ಲಕ್ಷ್ಮಿಯ ಕಾಲಡಿ.
ಮೊಗವೀರರ ಹುಡುಗ ಧನ್ವಿತ್ ಮಾತ್ರ
'ಹೆಡ್‌ಮಾಷ್ಟ್ರ ಕಣ್ಣು ಐಸು ಮುಗಿದ ಬಂಗುಡೆಯ ಕಣ್ಣಿನಂತೆ ಕೆಂಪು'
ಎಂದು ಬರೆದು, ಹೆಡ್‌ಮಾಷ್ಟ್ರನ್ನು ಹೊಡೆದುಹಾಕಿ
'ನೆರೆಮನೆಯವರ' ಎಂದು ತಿದ್ದಿದ್ದಾನೆ.
ನಾಲ್ಕಕ್ಕೆ ನಾಲ್ಕು.

ಆಮೇಲೆ ಮಿಸ್ರಿಯ.
ದುಂಡಗಿನ ಅಕ್ಷರ, ಸ್ಕೇಲು ಹಿಡಿದು ಎಳೆದ ಅಂಚು:
'ಉಪ್ಪ ಈ ಪೆರ್ನಾಳಿಗೆ ಬರುತ್ತಾರಂತೆ.
ಉಪಮೇಯ: ಉಪ್ಪ.
ಉಪಮಾನ:
ವಾಚಕಪದ: ಅಂತೆ.
ಸಮಾನಧರ್ಮ: ಬರುವುದು.'

ಉಪಮಾನದ ಮುಂದೆ ಎರಡು ಚುಕ್ಕಿ, ಬಳಿಕ ಬಿಳಿ.

ತಪ್ಪು. ಇದು ಹೋಲಿಕೆಯ ಅಂತೆ ಅಲ್ಲ ಮಗಳೇ,
ಯಾರೋ ಹೇಳಿ ಯಾರೋ ಕೇಳಿದ್ದು,
ಕಂತೆಯ ಜೊತೆ ಬರುವ ಅಂತೆ.
ಹೇಳಿದವಳು ಉಮ್ಮ ಇರಬೇಕು.
ಉಮ್ಮನಿಗೆ ಹೇಳಿದ್ದು ಫೋನು.

ಕೆಂಪು ಪೆನ್ನು ಎತ್ತಿದವಳು ಅಲ್ಲೇ ನಿಂತೆ.
ಅವಳ ಮನೆಮಾತಿನಲ್ಲೂ ಹೀಗೇ ಅಲ್ಲವೆ,
ಹೋಲುವುದಕ್ಕೆ ಪೋಲೆ,
ಕೇಳಿಬಂದದ್ದಕ್ಕೆ ಪೋಲುಂ.
ಎರಡು ಭಾಷೆಗೂ ಒಂದೇ ಕಳ್ಳದಾರಿ.
ನಮ್ಮ ಕಡೆ ದಾಟುವಾಗ ಆ ಸದ್ದು
ಪೋಲಾಗುತ್ತದೆ, ಅಷ್ಟೆ.

ನನ್ನಜ್ಜಿಯ ತುಳುವಿನಲ್ಲಿ ಹಾಗೆ ಎನ್ನಲು ಲೆಕ್ಕ.
ಹೂವಿನ ಲೆಕ್ಕ, ಹಾವಿನ ಲೆಕ್ಕ, ಬೆಂಕಿಯ ಲೆಕ್ಕ.
ಎಲ್ಲ ಲೆಕ್ಕ ಕೂಡಿಸಿದರೂ
ಬಾಗಿಲಿಗೆ ಒಬ್ಬ ಮನುಷ್ಯ ಬರುವುದಿಲ್ಲ.

ನಾಲ್ಕರಲ್ಲಿ ಒಂದು ಬಿಟ್ಟುಹೋದರೆ ಲುಪ್ತೋಪಮೆ,
ಅದೂ ಅಲಂಕಾರವೇ, ಮುಂದಿನ ವರ್ಷದ ಪಾಠ.
ಇವಳು ಈಗಲೇ ಕಲಿತಿದ್ದಾಳೆ
ಎಂದು ಸ್ಟಾಫ್‌ರೂಮಿನಲ್ಲಿ ಹೇಳಬಹುದು,
ಚಂದ ಕೇಳಿಸುತ್ತದೆ.
ಅಷ್ಟು ಚಂದ ಕೇಳಿಸುವುದನ್ನು ಹೇಳಲು ನಾಚಿಕೆಯಾಯಿತು.
ಅವಳು ಅಲಂಕಾರ ಬರೆದಿಲ್ಲ. ವಿಷಯ ಬರೆದಿದ್ದಾಳೆ.

ಎರಡು ಅಂಕ ಹಾಕಿ, ಹೊಡೆದು, ಎರಡೂವರೆ ಮಾಡಿದೆ.

ಅಷ್ಟರಲ್ಲಿ ಸ್ಪೀಕರು ಗರಗರ ಗಂಟಲು ಸರಿಪಡಿಸಿ
ಮೂರು ಭಾಷೆಯಲ್ಲಿ ಏನೋ ಹೇಳಿತು,
ನಲವತ್ತು ನಿಮಿಷ ಎಂಬುದಷ್ಟೇ ಸ್ಪಷ್ಟ.
ಖಾಲಿ ಮೀನುಬುಟ್ಟಿ ಮಡಿಲಲ್ಲಿಟ್ಟುಕೊಂಡ ಹೆಂಗಸು
'ಎಂತ ಅಂತೆ ಟೀಚರೇ?' ಅಂದಳು.

ಬರ್ತದಂತೆ, ಅಂದೆ.