ಕಣ್ಣಿನ ಬಿಳಿ

ಹತ್ತೊಂಬತ್ತು ವರ್ಷದಿಂದ ನನ್ನ ದಿನ ಶುರುವಾಗುವುದು
ಮಗನ ಕೆಳರೆಪ್ಪೆ ಎಳೆದು ನೋಡಿದ ಮೇಲೆ.
ಮಲ್ಲಿಗೆ ಕೊಯ್ಯಲು ಗಿಡದ ಬುಡಕ್ಕೆ ಹೋಗುವುದು ಆಮೇಲೆ.
ಬಿಳಿ ಅಂದರೆ ಎಂತ ಬಿಳಿ ಅಂತ
ಶಂಕರಪುರದವರಿಗೆ ಯಾರೂ ಕಲಿಸಬೇಕಿಲ್ಲ:
ಬೆಳಿಗ್ಗೆ ಐದರ ಮೊಗ್ಗಿನ ಬಿಳಿ ಬೇರೆ,
ಮಧ್ಯಾಹ್ನ ಉಳಿದ ಚೆಂಡಿನ ಬಿಳಿ ಬೇರೆ.
ನಡುವೆ ಒಂದು ಹಳದಿ ಉಂಟು,
ಕಟ್ಟೆಯಲ್ಲಿ ದರ ಬೀಳುವ ಮೊದಲೇ ನಮಗೆ ಕಾಣುವಂಥದ್ದು.

ಮೂರು ವರ್ಷದ ಯತೀಶನ ಕಣ್ಣಲ್ಲಿ ಅದೇ ಕಂಡದ್ದು.
ಪಿತ್ತದ ನಾಳ ಬಲೂನಿನ ಹಾಗೆ ಉಬ್ಬಿದೆ ಅಂದರು.
ಅದನ್ನು ಕತ್ತರಿಸಿ ತೆಗೆದು, ಕರುಳನ್ನೇ ಮೇಲೆಳೆದು
ಲಿವರಿನ ಬಾಯಿಗೆ ಹೊಲಿಯುವುದು —
ಡಾಕ್ಟರು ಕಾಗದದಲ್ಲಿ ಗೀಚಿ ತೋರಿಸಿದಾಗ
ನಾನು ಕೇಳಿದ್ದು ಇಷ್ಟೇ: ಗಂಟು ಜಾರುವುದಿಲ್ಲವಾ?
ಬಾಳೆನಾರಿನಲ್ಲಿ ಹೂ ಕಟ್ಟುವವಳಿಗೆ
ಬೇರೆ ಯಾವ ಪ್ರಶ್ನೆ ಬರಬೇಕು.
"ಜಾರುವುದಿಲ್ಲ. ಬಿಗಿಯಾಗಬಹುದು. ನೋಡುತ್ತಾ ಇರಬೇಕು."
ಎಷ್ಟು ಕಾಲ?
"ಆಯಸ್ಸಿಡೀ."

ಆ ರಾತ್ರಿ ವಾರ್ಡಿನ ನೆಲದಲ್ಲಿ ಚಾಪೆ ಹಾಸಿ ಅತ್ತೆ,
ಆಯಸ್ಸಿಡೀ, ಆಯಸ್ಸಿಡೀ ಅಂತ.
ಬೆಳಗಿನ ಜಾವಕ್ಕೆ ಹೊಳೆಯಿತು:
ಅವನಿಗೆ ಆಯಸ್ಸು ಉಂಟು ಅಂತ ಅಲ್ಲವಾ
ಅವರು ಹೇಳಿದ್ದು.

ಹನ್ನೊಂದರಲ್ಲಿ ಒಮ್ಮೆ ಚಳಿಜ್ವರ, ಮಂಚ ನಡುಗುವಷ್ಟು.
ರಿಕ್ಷಾದ ಐತಪ್ಪಣ್ಣ ಮೀಟರು ಹಾಕದೆ ಓಡಿಸಿದ.
ಹದಿನಾರರಲ್ಲಿ ಎರಡು ಸಣ್ಣ ಕಲ್ಲು.
ಆಮೇಲೆ ಎಂತ ಇಲ್ಲ.
ಆ "ಎಂತ ಇಲ್ಲ"ದ ಫೈಲೇ
ಜವಳಿ ಅಂಗಡಿಯ ಚೀಲ ಹರಿಯುವಷ್ಟು ದಪ್ಪ.

ಇವತ್ತು ಸ್ಕ್ಯಾನು. ಖಾಲಿ ಹೊಟ್ಟೆ, ಊದಿಸಿಕೊಂಡ ಮುಖ,
ಮಡಿಲಲ್ಲಿ ಕಂಡಕ್ಟರ್ ಚೀಲ; ಒಂದೂವರೆಗೆ ಡ್ಯೂಟಿ.
ಕೊಯ್ದ ಡಾಕ್ಟರು ನಿವೃತ್ತಿಯಾಗಿ ಹೋಗಿದ್ದಾರೆ.
ಈಗಿನವಳು ಫೈಲಿಗಿಂತ ಸ್ವಲ್ಪ ದೊಡ್ಡವಳಿರಬೇಕು.

ಎದುರು ಬೆಂಚಿನಲ್ಲಿ ಕುಂದಾಪುರದ ಕಡೆಯವಳೊಬ್ಬಳು,
ತೊಡೆಯ ಮೇಲೆ ಮಂಕಿ ಟೋಪಿಯ ಮಗು.
ಕಣ್ಣು ನೋಡಿದೆ. ಕೇಳುವ ಅಗತ್ಯ ಬೀಳಲಿಲ್ಲ.
"ನಾಳಿಗೆ ಆಪ್ರೇಶನ್ ಅಂಬ್ರ್. ಮುಂದೆಂತ ಆತ್ತೋ."
ಯತೀಶ, ಅಂಗಿ ಎತ್ತು ಅಂದೆ.
"ಕಾರಿಡಾರಿನಲ್ಲಾ, ಅಮ್ಮ?"
ಎತ್ತು.
ಎತ್ತಿದ. ಖಾಕಿಯ ಕೆಳಗೆ,
ಅಂದು ನನ್ನ ನಾಲ್ಕು ಬೆರಳಷ್ಟಿದ್ದ ಗೀರು
ಅವನ ಜೊತೆಗೇ ಉಂಡು ಬೆಳೆದು ಈಗ ಒಂದು ಗೇಣು.
ಅವಳು ಗಾಯ ನೋಡಿದಳು. ಆಮೇಲೆ
ಗಾಯದ ಸುತ್ತ ಇದ್ದ ಆಳನ್ನು ಕೆಳಗಿಂದ ಮೇಲಕ್ಕೆ ನೋಡಿದಳು.
ಮಗು ಇಳಿದು ಬಂದು ಬೆರಳಿಟ್ಟಿತು. "ನೋವ್ ಆತ್ತಾ?"
"ಸಂಜೆ ಟ್ರಿಪ್ಪಿನಲ್ಲಿ ಜನ ದೂಡಿದರೆ ಸ್ವಲ್ಪ" ಅಂದ.

ರಿಪೋರ್ಟು: ಒಳಗಿನ ನಾಳ ತುಸು ಅಗಲ, ಹೋದ ವರ್ಷದಷ್ಟೇ.
ಹೋದ ವರ್ಷದಷ್ಟೇ!
ಇದಕ್ಕಿಂತ ಒಳ್ಳೆಯ ಮಾತು
ಅಟ್ಟೆಗೆ ಎರಡು ಸಾವಿರ ದರ ಬಂದ ದಿನವೂ ಕೇಳಿಲ್ಲ.

ಅವನ ಬಸ್ಸಿನಲ್ಲೇ ಹೊರಟೆ.
ಹೆತ್ತವಳಿಗೂ ಟಿಕೆಟು ಹರಿದ, ಚಿಲ್ಲರೆ ಕೇಳಿದ.
ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು
ಉದ್ಯಾವರ ಕಟಪಾಡಿ ಕಾಪು ಪಡುಬಿದ್ರಿ
ಒಂದೇ ಉಸಿರಿಗೆ ಕೂಗುತ್ತಾನೆ.
ನಾನು ಕಟಪಾಡಿಯಲ್ಲಿ ಇಳಿಯುತ್ತೇನೆ.
ಬಸ್ಸು ಮುಂದೆ ಹೋಗುತ್ತದೆ.