ಒಂದು ನಿಮಿಷ

ಅತ್ತಿಗುಂಡಿಗೆ ಒಂದೇ ಉಸಿರಿಗೆ ಹತ್ತಿಸಿ ನಿಲ್ಲಿಸಿದೆ.
ಕೀ ತಿರುಗಿಸಬೇಕು, ಜಬೀವುಲ್ಲಾ ಕೈ ಅಡ್ಡ ತಂದ:
"ತಾಳಿ ಮೇಡಂ, ಒಂದು ನಿಮಿಷ.
ಟರ್ಬೊ ಇನ್ನೂ ಕೆಂಡ. ಆಯಿಲ್ ಓಡಾಡ್ಲಿ."

ರೀಮ್ಯಾಪ್ ಅವನದೇ ಕೈಕೆಲಸ.
ಎರಡು ಸಾವಿರ ಆರ್‌ಪಿಎಂವರೆಗೆ ಮಂಕು,
ಆಮೇಲೆ ಬೆನ್ನಿಗೆ ಯಾರೋ ಗುದ್ದಿದ ಹಾಗೆ.
ಆ ಒಂದು ಗುದ್ದಿಗೆ
ಎರಡು ಬಳೆ ಅಡವಿಟ್ಟಿದ್ದೇನೆ.

ಆಗ, ಸೀತಾಳಯ್ಯನಗಿರಿ ಇಳಿಯುವಾಗ,
ಕಿರುದಾರಿಯಲ್ಲಿ ಏದುತ್ತಾ ಹತ್ತುತ್ತಿತ್ತು ಹಳೇ ಜೀಪು.
ಹತ್ತುವವರಿಗೆ ಮೊದಲು ದಾರಿ, ಗೊತ್ತು.
ಲೈಟು ಮಿಣುಕಿಸಿ ನುಗ್ಗಿದೆ.
ಅದು ಹಿಂದಕ್ಕೆ ಜಾರಿತು,
ಹುಡುಗನೊಬ್ಬ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟ.

ಜಬೀವುಲ್ಲಾ ಆಗಲೂ ಏನೂ ಅನ್ನಲಿಲ್ಲ.
ಈಗ ಕಿಟಕಿಯಾಚೆ ನೋಡುತ್ತಿದ್ದಾನೆ.

ಎಂಜಿನ್ನು ತನ್ನಷ್ಟಕ್ಕೆ ಗುರುಗುಡುತ್ತಿದೆ.
ಎಣಿಸುತ್ತಾ ಕೂತೆ.
ಹನ್ನೆರಡಕ್ಕೆ ಬರುವಷ್ಟರಲ್ಲಿ
ಆ ಜೀಪು ದಾಟಿ ಹೋಗಿರುತ್ತಿತ್ತು.

ಇನ್ನೂ ನಲವತ್ತೆಂಟು ಬಾಕಿ.